ಪರ್ಚೇಸ್ ಕೆಲಸದಲ್ಲಿರೋರು ಯಾವ ಸರ್ಟಿಫಿಕೇಟ್‌ಗೆ ದುಡ್ಡು ಹಾಕ್ಬೇಕು?

ಹೊಸೂರು ಸಿಪ್ಕಾಟ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೊಂದು ವರ್ಷದಿಂದ ಪರ್ಚೇಸ್‌ನಲ್ಲೇ ಇದೀನಿ, ಸ್ಟೋರ್ಸ್‌ನಲ್ಲಿ ತಮಿಳು, ವೆಂಡರ್ (ಮಾಲು ಕೊಡೋರು) ಹತ್ರ ತೆಲುಗು, ಮನೆಗೆ ಬಂದ್ಮೇಲೆ ಕನ್ನಡ. ತಳಿ, ದೆಂಕಣಿಕೋಟೆ ಕಡೆ ಹುಡುಗ್ರು ಆಗಾಗ ಕೇಳ್ತಾನೇ ಇರ್ತಾರೆ, "ಅಣ್ಣಾ, ಯಾವ ಕೋರ್ಸ್ ಮಾಡಿದ್ರೆ ಸಂಬಳ ಏರುತ್ತೆ?" ಅಂತ. ನಾನು ತಿರುಗಿಸಿ ಕೇಳೋದು ಒಂದೇ: ಮೂರು ವರ್ಷ ಬಿಟ್ಟು ಯಾವ ಟೇಬಲ್‌ನಲ್ಲಿ ಕೂತಿರ್ಬೇಕು ಅಂತಿದೀಯಾ?

ಇದನ್ನ ನಾನೇ ಕೇಳ್ಕೊಳ್ದೆ ಕೈ ಸುಟ್ಕೊಂಡೋನು. ವೀಕೆಂಡ್ ಕ್ಲಾಸ್ ನಡೆಸೋ ಒಂದು ಕಡೆ 38 ಸಾವಿರ ಕಟ್ಟಿ "ಇಂಟರ್‌ನ್ಯಾಷನಲ್" ಅಂತ ಬಂಗಾರದ ಸೀಲ್ ಹಾಕಿರೋ ಸರ್ಟಿಫಿಕೇಟ್ ತಗೊಂಡೆ. ಅತ್ತಿಬೆಲೆ ದಾಟಿ ಇಂಟರ್‌ವ್ಯೂಗೆ ಹೋದ್ರೆ ಮ್ಯಾನೇಜರ್ರು ಅದನ್ನ ಎರಡು ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ರು. ಆಮೇಲೆ ಒಂದು ಲೆಕ್ಕ ಕೊಟ್ರು. ಬುಷ್ ಅನ್ನೋ ಒಂದು ಮೆಷಿನ್ ಪಾರ್ಟ್‌ಗೆ ಇಬ್ರು ವೆಂಡರ್, ಒಬ್ಬ 48 ರೂಪಾಯಿಗೆ ಗೇಟ್‌ವರೆಗೂ ತಂದ್ಕೊಡ್ತಾನೆ, 60 ದಿನ ಕ್ರೆಡಿಟ್. ಇನ್ನೊಬ್ಬ 46, ಆದ್ರೆ ಸಾಗಣೆ ಪೀಸ್‌ಗೆ 1.20 ನಮ್ದೇ, 15 ದಿನಕ್ಕೇ ಪೇಮೆಂಟ್. ಯಾರಿಗೆ ಪಿಒ, ಅಂದ್ರೆ ಪರ್ಚೇಸ್ ಆರ್ಡರ್? ನಾನು ಥಟ್ ಅಂತ 46 ಅಂದೆ. ತಪ್ಪು. ಸಾಗಣೆ ಸೇರಿದ್ರೆ 47.20, 45 ದಿನ ಮುಂಚೆ ದುಡ್ಡು ಕೊಡೋದಕ್ಕೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಹಾಕಿದ್ರೂ ಸುಮಾರು 70 ಪೈಸೆ, ಅಲ್ಲಿಗೆ 47.90 ಆಯ್ತು, ಮಾಲು ಸರಿಯಿಲ್ದೆ ಸಾರ್ಟಿಂಗ್‌ಗೆ ಆಳು ಹಾಕಿ ಪೀಸ್‌ಗೆ ಅರ್ಧ ರೂಪಾಯಿ ಬಿತ್ತು ಅಂದ್ರೆ 48 ದಾಟೇ ಹೋಯ್ತಲ್ಲ. ಈ ಲೆಕ್ಕ ಕಲಿಸದೇ ಇರೋ ಕೋರ್ಸ್ ಇಟ್ಕೊಂಡು ಏನ್ ಮಾಡೋದು ಹೇಳಿ.

ಈಗ ಟೇಬಲ್ ವಿಷಯಕ್ಕೆ ಬರೋಣ. ಪ್ಲಾನಿಂಗ್, ಇನ್ವೆಂಟರಿ, ಎಂಆರ್‌ಪಿ (ಯಾವ ಮಾಲು ಯಾವಾಗ ಎಷ್ಟು ಬೇಕು ಅನ್ನೋ ಲೆಕ್ಕ) ಕಡೆ ಹೋಗೋರಿಗೆ ಸಿಪಿಐಎಂ (CPIM) ಸರ್ಟಿಫಿಕೇಟ್. ಕೊಡೋದು ಅಮೆರಿಕಾದ ಎಎಸ್‌ಸಿಎಂ ಸಂಸ್ಥೆ, ಹಿಂದೆ ಎಪಿಕ್ಸ್ ಅಂತಿದ್ರಲ್ಲ ಅದೇ. ವೆಂಡರ್‌ನಿಂದ ಕಸ್ಟಮರ್‌ವರೆಗೂ ಇಡೀ ಚೈನ್ ನೋಡೋ ಕೆಲಸ ಬೇಕಂದ್ರೆ ಅವರದ್ದೇ ಸಿಎಸ್‌ಸಿಪಿ: 150 ಪ್ರಶ್ನೆ, ಮೂರೂವರೆ ಗಂಟೆ. ಪಾಸಾದ್ರೆ ಮುಗೀತು ಅನ್ಕೋಬೇಡಿ, ಐದು ವರ್ಷಕ್ಕೊಮ್ಮೆ ಕಲಿಕೆ, ತರಬೇತಿಯ 75 ಪಾಯಿಂಟ್ ತೋರಿಸಿ ಉಳಿಸ್ಕೋಬೇಕು. ಸೋರ್ಸಿಂಗ್, ಕಾಂಟ್ರಾಕ್ಟ್, ನೆಗೋಷಿಯೇಷನ್ನೇ ನಿಮ್ಮ ದಾರಿ ಅಂದ್ರೆ ಇಂಗ್ಲೆಂಡಿನ ಸಿಪ್ಸ್ (CIPS) ಸಂಸ್ಥೆಯ ಕೋರ್ಸ್ ಅಥವಾ ಅಮೆರಿಕಾದ ಐಎಸ್ಎಂ ಸಂಸ್ಥೆ ಕೊಡೋ ಸಿಪಿಎಸ್ಎಂ. ಸಿಪ್ಸ್ ಮೆಟ್ಟಿಲು ಮೆಟ್ಟಿಲಾಗಿ ಹತ್ತೋದು, ಲೆವೆಲ್ 4 ಒಂದರಲ್ಲೇ ಎಂಟು ಮಾಡ್ಯೂಲ್ ಇದೆ. ಗಲ್ಫ್‌ಗೆ ಹೋಗೋ ಆಸೆ ಇದ್ರೆ ಅಲ್ಲಿ ಇದಕ್ಕೆ ಬೆಲೆ ಇದೆ. ಸಿಪಿಎಸ್ಎಂಗೆ ಮೂರು ಎಕ್ಸಾಮ್, ಡಿಗ್ರಿ ಇದ್ರೂ ಮೂರು ವರ್ಷ ಅನುಭವ ಬೇಕು, ಅಂದ್ರೆ ಫ್ರೆಶರ್‌ಗಳು ಆ ಕಡೆ ನೋಡೋದೇ ಬೇಡ.

ಅಷ್ಟು ದುಡ್ಡಿಲ್ವಾ? ಐಐಎಂಎಂ ಅಂದ್ರೆ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಸಂಸ್ಥೆ, ಅದರ ಬ್ರಾಂಚ್ ಹೊಸೂರಲ್ಲೇ ಇದೆ, ಕೆಲಸ ಮಾಡ್ತಾನೇ ಡಿಪ್ಲೊಮಾ ಮುಗಿಸ್ಬಹುದು. ಐಐಟಿಯೋರ ಆನ್‌ಲೈನ್ ಎನ್‌ಪಿಟೆಲ್ ಪಾಠ ಅಂತೂ ಫ್ರೀ, ಎಕ್ಸಾಮ್ ಬರೀತೀನಿ ಅಂದ್ರೆ ಮಾತ್ರ ಫೀಸು. ನನ್ನ ಕೇಳಿದ್ರೆ ಎರಡು ವರ್ಷದೊಳಗಿನ ಅನುಭವ ಇರೋರು ಮೊದ್ಲು ಎಸ್ಎಪಿ ಎಂಎಂ (ಪರ್ಚೇಸ್, ಸ್ಟಾಕ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಗಟ್ಟಿ ಮಾಡ್ಕೊಳ್ಳಿ. ಅದರ ಎಂಇ21ಎನ್ ಸ್ಕ್ರೀನ್‌ನಲ್ಲಿ ಪಿಒ ಹಾಕೋದು ಎಲ್ರಿಗೂ ಬರುತ್ತೆ ಬಿಡಿ, ಮೀಗೋ (MIGO) ಸ್ಕ್ರೀನ್‌ನಲ್ಲಿ ಮಾಲು ಇನ್ವರ್ಡ್ ಆದ್ಮೇಲೂ ಮೀರೋ (MIRO) ಸ್ಕ್ರೀನ್‌ನಲ್ಲಿ ಬಿಲ್ ಯಾಕೆ ಬ್ಲಾಕ್ ಆಯ್ತು ಅಂತ ಹುಡುಕಿ ಹೇಳೋನಿಗೆ ಆಫೀಸಲ್ಲಿ ಇರೋ ಮರ್ಯಾದೇನೇ ಬೇರೆ.

ದುಡ್ಡು ಕಟ್ಟೋಕೆ ಮುಂಚೆ ಒಂದು ಸಂಜೆ ಕೂತು, ನಿಮಗೆ ಬೇಕಾದ ಹುದ್ದೆಯ ಇಪ್ಪತ್ತು ಜಾಹೀರಾತು ನೌಕ್ರಿ ವೆಬ್‌ಸೈಟ್‌ನಲ್ಲಿ ತೆಗೀರಿ, ಯಾವ ಸರ್ಟಿಫಿಕೇಟ್ ಹೆಸ್ರು ಎಷ್ಟು ಸಲ ಬಂತು ಅಂತ ಹಾಳೆ ಮೇಲೆ ಗೀಟು ಹಾಕ್ತಾ ಹೋಗಿ. ನಾಲ್ಕು ಗೀಟೂ ಬೀಳದ ಕೋರ್ಸ್‌ಗೆ ಸಾಲ ಮಾಡ್ಬೇಡಿ.

ನಮ್ಮಂಗೆ ಕನ್ನಡ ಮೀಡಿಯಂನಲ್ಲಿ ಓದಿದೋರಿಗೆ ಈ ಎಕ್ಸಾಮ್‌ಗಳಲ್ಲಿ ಕಾಡೋದು ಸಬ್ಜೆಕ್ಟ್ ಅಲ್ಲ, ಪ್ರಶ್ನೆ ಓದೋದು. ನಾಲ್ಕು ಉತ್ತರಾನೂ ಸರಿ ಅನ್ನೋ ಹಂಗೇ ಇರುತ್ತೆ, ಪ್ರಶ್ನೆಯಲ್ಲಿ "ಫಸ್ಟ್" ಅಂತಿದ್ಯಾ "ಬೆಸ್ಟ್" ಅಂತಿದ್ಯಾ ಅನ್ನೋದ್ರ ಮೇಲೆ ಉತ್ತರಾನೇ ಬದಲಾಗುತ್ತೆ. ಇನ್ನೊಂದು, ಮಾಲಿಲ್ದೆ ಪ್ರೊಡಕ್ಷನ್ ಲೈನ್ ನಿಲ್ಲುತ್ತೆ ಅಂದಾಗ ನಾವು ವೆಂಡರ್ ಮನೆ ಬಾಗಿಲಿಗೇ ಟೆಂಪೋ ಕಳಿಸೋರು. ಎಕ್ಸಾಮ್‌ನಲ್ಲಿ ಅದನ್ನ ಟಿಕ್ ಮಾಡಿದ್ರೆ ಮಾರ್ಕ್ಸ್ ಹೋಯ್ತು, ಅಲ್ಲಿ ಪುಸ್ತಕದ ಉತ್ತರಾನೇ ಬೇಕು.

ಫೀಸ್ ಡಾಲರ್, ಪೌಂಡ್‌ನಲ್ಲಿರುತ್ತೆ, ಮೆಂಬರ್‌ಶಿಪ್ ಬೇರೆ, ಪುಸ್ತಕ ಬೇರೆ, ಫೇಲಾದ್ರೆ ಮತ್ತೆ ಫೀಸ್ ಬೇರೆ, ಎಲ್ಲ ಕೂಡಿಸಿ ನೋಡಿ. ಕಂಪನಿ ವಾಪಸ್ ಕೊಡುತ್ತಾ ಅಂತ ಎಚ್ಆರ್‌ನ ಮೊದ್ಲೇ ಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಕೊಡ್ತೀವಿ ಅಂದ್ರೆ ಬಾಂಡ್ ಎಷ್ಟು ವರ್ಷ ಅಂತಾನೂ ಕೇಳಿ, ನನ್ನ ಜೊತೆಗಿದ್ದೋನೊಬ್ಬ ಪಾಸಾದ, ಒಳ್ಳೆ ಆಫರ್ ಬಂತು, ಬಿಡೋ ದಿನ ಕಂಪನಿಯೋರು ಪೂರ್ತಿ ಫೀಸನ್ನ ಫೈನಲ್ ಸೆಟಲ್‌ಮೆಂಟ್‌ನಲ್ಲಿ ಮುರ್ಕೊಂಡ್ರು.