ಟೆಸ್ಟ್ ಸರ್ವರ್ ಎಬ್ಬಿಸುವುದು, ಕಾಯುವುದು, ನಿಲ್ಲಿಸುವುದು

ಕೋಡ್ ಒಂದಕ್ಷರವೂ ಬದಲಾಗಿಲ್ಲ, ಆದರೂ ಇಂಟಿಗ್ರೇಶನ್ ಟೆಸ್ಟ್ (ಆ್ಯಪಿನ ಭಾಗಗಳನ್ನು ಒಟ್ಟಾಗಿ ಪರೀಕ್ಷಿಸುವಂಥದ್ದು) ಒಮ್ಮೆ ಪಾಸ್, ಒಮ್ಮೆ ಫೇಲ್. ಹೀಗಾದಾಗ ಟೆಸ್ಟನ್ನು ತಿದ್ದುವ ಮೊದಲು ಅದು ಮಾತಾಡುವ ಸರ್ವರನ್ನು ನೋಡಿ. ಅದನ್ನು ಎಬ್ಬಿಸಿದ್ದು ಯಾರು, ಸಿದ್ಧವಾಗಿದೆ ಎಂದು ಖಚಿತಪಡಿಸಿಕೊಂಡದ್ದು ಯಾರು, ಕೊನೆಗೆ ನಿಲ್ಲಿಸಿದ್ದು ಯಾರು? ಮೂರಕ್ಕೂ ಉತ್ತರ ಟೆಸ್ಟ್ ರನ್ನರ್, ಅಂದರೆ ಟೆಸ್ಟುಗಳನ್ನು ಓಡಿಸುವ ಪ್ರೋಗ್ರಾಂ, ಎಂದೇ ಇರಬೇಕು. ಪಕ್ಕದ ಟರ್ಮಿನಲ್‌ನಲ್ಲಿ ಕೈಯಾರೆ ಎಬ್ಬಿಸಿಟ್ಟ ಸರ್ವರ್‌ನಲ್ಲಿ ನಿನ್ನೆಯ ಬ್ರ್ಯಾಂಚ್ ಓಡುತ್ತಿರಬಹುದು. ಇಲ್ಲಿ ಹೇಳುವುದು ಲಿನಕ್ಸ್ ಮೇಲಿನ ನೋಡ್ (Node.js) ಆ್ಯಪ್, ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ಬ್ರೌಸರ್ ಟೆಸ್ಟಿಗೆ ಪ್ಲೇರೈಟ್ ಇರುವ ವ್ಯವಸ್ಥೆಗೆ.

ಮೊದಲು ಪೋರ್ಟ್, ಅಂದರೆ ಸರ್ವರ್ ಸಂಪರ್ಕಗಳಿಗಾಗಿ ಕಾದು ಕೂರುವ ಬಾಗಿಲಿನ ಸಂಖ್ಯೆ. ಸರ್ವರಿಗೆ ಪೋರ್ಟ್ 0 ಕೊಟ್ಟರೆ ಖಾಲಿ ಇರುವ ಒಂದನ್ನು ಕರ್ನಲ್ಲೇ ಆರಿಸಿಕೊಡುತ್ತದೆ. ಸಿಕ್ಕ ಸಂಖ್ಯೆಯನ್ನು ಸರ್ವರ್ ಮುದ್ರಿಸಲಿ, ರನ್ನರ್ ಓದಿಕೊಳ್ಳಲಿ. ರನ್ನರೇ ಮುಂಚಿತವಾಗಿ ಖಾಲಿ ಪೋರ್ಟ್ ಹುಡುಕಿ, ಬಿಟ್ಟು, ಆ ಸಂಖ್ಯೆಯನ್ನು ಸರ್ವರಿಗೆ ಕೊಡುವ ಕ್ರಮ ಬೇಡ. ಬಿಟ್ಟ ಮತ್ತು ಹಿಡಿದ ಕ್ಷಣಗಳ ನಡುವೆ ಬೇರೆ ಪ್ರೋಸೆಸ್ ಅದನ್ನು ಕಸಿದುಕೊಳ್ಳಬಹುದು. ನಿಗದಿತ ಪೋರ್ಟೇ ಬೇಕೆಂದರೆ 32768ಕ್ಕಿಂತ ಕೆಳಗಿನದನ್ನು ಆರಿಸಿ, ಅದಕ್ಕೆ ವರ್ಕರ್ (ಏಕಕಾಲಕ್ಕೆ ಟೆಸ್ಟ್ ಓಡಿಸುವ ಪ್ರೋಸೆಸ್‌ಗಳಲ್ಲೊಂದು) ಸಂಖ್ಯೆ ಕೂಡಿಸಿ. ಲಿನಕ್ಸ್ ಸಾಮಾನ್ಯವಾಗಿ 32768ರಿಂದ 60999ರವರೆಗಿನ ಪೋರ್ಟ್‌ಗಳನ್ನು ಹೊರಹೋಗುವ ಸಂಪರ್ಕಗಳಿಗೆ ಹಂಚುತ್ತದೆ, ಅಲ್ಲಿ ಯಾವಾಗ ಬೇಕಾದರೂ ಡಿಕ್ಕಿಯಾಗಬಹುದು. ತಂಡದಲ್ಲಿ ಮ್ಯಾಕ್ ಬಳಸುವವರಿದ್ದರೆ 5000 ಬೇಡ, ಮಾಂಟೆರೇ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಅಲ್ಲಿ ಕೂತಿರುತ್ತದೆ.

ವಿಳಾಸವನ್ನು ಲೋಕಲ್‌ಹೋಸ್ಟ್ ಎಂದು ಬರೆಯದೆ ಎರಡೂ ಕಡೆ 127.0.0.1 ಎಂದೇ ಬರೆಯಿರಿ. ಲೋಕಲ್‌ಹೋಸ್ಟ್ ಎಂಬ ಹೆಸರಿಗೆ ಐಪಿವಿ4ರಲ್ಲಿ 127.0.0.1, ಐಪಿವಿ6ರಲ್ಲಿ ::1 ಎಂಬ ಎರಡು ವಿಳಾಸಗಳಿರಬಹುದು, ನೋಡ್ 17ರಿಂದ ಐಪಿವಿ4ಕ್ಕೆ ಕೊಡುತ್ತಿದ್ದ ಆದ್ಯತೆ ಹೋಗಿದೆ. ಒಂದು ಕಡೆ ::1, ಇನ್ನೊಂದು ಕಡೆ 127.0.0.1 ಆದರೆ ಸರ್ವರ್ ಚೆನ್ನಾಗಿಯೇ ಓಡುತ್ತಿದ್ದರೂ ಸಂಪರ್ಕ ನಿರಾಕರಣೆಯ ದೋಷ ಬರುತ್ತದೆ.

ಇನ್ನು ಕಾಯುವುದು. ಐದು ಸೆಕೆಂಡ್ ಸ್ಲೀಪ್ ಹಾಕುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಮಯ ಹಾಳು, ದಣಿದ ಸಿಐ ಯಂತ್ರದಲ್ಲಿ (ಕೋಡ್ ಬದಲಾದಾಗ ಟೆಸ್ಟುಗಳನ್ನು ತಾನೇ ಓಡಿಸುವಲ್ಲಿ) ಸಾಲದು. 200 ಮಿಲಿಸೆಕೆಂಡಿಗೊಮ್ಮೆ ಹೆಲ್ತ್ ವಿಳಾಸವನ್ನು (ಸರ್ವರ್ ಸಿದ್ಧವೇ ಎಂದು ಹೇಳುವ ಪುಟ) ಕೇಳಿ, 60 ಸೆಕೆಂಡಿಗೆ ಕೈಬಿಡಿ. ನಡುವೆ ಪ್ರೋಸೆಸ್ ಸತ್ತರೆ ಮಿತಿ ಮುಗಿಯುವವರೆಗೆ ಕಾಯದೆ ಆಗಲೇ ಅದರ ಲಾಗ್ ತೋರಿಸಿ ನಿಲ್ಲಿಸಿ. ಹೆಲ್ತ್ ವಿಳಾಸ ಸುಮ್ಮನೆ 200 (ಎಲ್ಲ ಸರಿ ಎಂಬ ಎಚ್‌ಟಿಟಿಪಿ ಸಂಕೇತ) ಎನ್ನಬಾರದು, ಡೇಟಾಬೇಸಿಗೆ ಒಂದು ಸಣ್ಣ ಕ್ವೆರಿ ಕಳಿಸಿ ಉತ್ತರ ಬಂದ ಮೇಲೆ ಹೇಳಬೇಕು. ಪ್ಲೇರೈಟಿನ ವೆಬ್‌ಸರ್ವರ್ ಸೆಟ್ಟಿಂಗ್ ಈ ಕಾಯುವ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಅದು ಪ್ರವೇಶ ನಿರಾಕರಿಸುವ 401, 403 ಉತ್ತರಗಳನ್ನೂ ಸಿದ್ಧ ಎಂದೇ ಎಣಿಸುತ್ತದೆ. ಲಾಗಿನ್ ಕೇಳುವ ಪುಟವನ್ನು ಕೊಟ್ಟರೆ ಡೇಟಾಬೇಸ್ ಏಳುವ ಮೊದಲೇ ಟೆಸ್ಟ್ ಶುರುವಾಗಬಹುದು. ಈಗಾಗಲೇ ಓಡುತ್ತಿರುವ ಸರ್ವರನ್ನು ಮರುಬಳಸುವ ಆಯ್ಕೆ ಸಿಐಯಲ್ಲಿ ಕಡ್ಡಾಯವಾಗಿ ಆಫ್ ಇರಲಿ.

ಪೋಸ್ಟ್‌ಗ್ರೆಸ್‌ನ ಅಧಿಕೃತ ಡಾಕರ್ ಇಮೇಜಿನಲ್ಲಿ ಒಂದು ಬಲೆ ಇದೆ. ಡೇಟಾ ಡೈರೆಕ್ಟರಿ ಖಾಲಿ ಇದ್ದರೆ ಅದು ಮೊದಲು ತಾತ್ಕಾಲಿಕ ಸರ್ವರ್ ಎಬ್ಬಿಸಿ, ಆರಂಭಿಕ ಸ್ಕ್ರಿಪ್ಟ್‌ಗಳನ್ನು ಓಡಿಸಿ, ಅದನ್ನು ನಿಲ್ಲಿಸಿ, ಆಮೇಲೆ ನಿಜವಾದದ್ದನ್ನು ಎಬ್ಬಿಸುತ್ತದೆ. ತಾತ್ಕಾಲಿಕ ಸರ್ವರ್ ಯೂನಿಕ್ಸ್ ಸಾಕೆಟ್‌ನಲ್ಲಿ (ಒಂದೇ ಯಂತ್ರದೊಳಗಿನ ಸಂಪರ್ಕ ದಾರಿ) ಮಾತ್ರ ಸಂಪರ್ಕಕ್ಕೆ ಕಾದಿರುತ್ತದೆ, ನೆಟ್‌ವರ್ಕಿನ ಟಿಸಿಪಿಯಲ್ಲಿ ಅಲ್ಲ. ಕಂಟೇನರ್ ಒಳಗೆ ಹೋಸ್ಟ್ ಹೆಸರಿಲ್ಲದೆ ನಡೆಸುವ ಹೆಲ್ತ್‌ಚೆಕ್ ಅದನ್ನೇ ನೋಡಿ ಸಿದ್ಧ ಎಂದುಬಿಡುತ್ತದೆ, ಮರುಕ್ಷಣ ಸಂಪರ್ಕ ಕಡಿದುಹೋಗುತ್ತದೆ. ಹೆಲ್ತ್‌ಚೆಕ್‌ಗೆ ಹೋಸ್ಟ್ 127.0.0.1 ಎಂದು ಕೊಟ್ಟರೆ ಸಾಕು, ಟಿಸಿಪಿಯಲ್ಲಿ ಕೇಳುವ ನಿಜವಾದ ಸರ್ವರಿಗಾಗಿ ಅದು ಕಾಯುತ್ತದೆ.

ಡೇಟಾಬೇಸ್ ಸ್ವಚ್ಛವಾಗಿಡಲು ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್ ಒಳಗಿಟ್ಟು, ಕೊನೆಗೆ ಬದಲಾವಣೆ ಹಿಂದೆಗೆದು ರೋಲ್‌ಬ್ಯಾಕ್ ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸರ್ವರ್ ಬೇರೆ ಪ್ರೋಸೆಸ್, ಅದರ ಡೇಟಾಬೇಸ್ ಸಂಪರ್ಕವೂ ಬೇರೆ. ಟೆಸ್ಟ್ ಕಮಿಟ್ ಮಾಡದ ಸಾಲು ಅದಕ್ಕೆ ಕಾಣುವುದೇ ಇಲ್ಲ. ಮೈಗ್ರೇಶನ್‌ಗಳನ್ನು (ಟೇಬಲ್‌ಗಳನ್ನು ಕಟ್ಟುವ ಸ್ಕ್ರಿಪ್ಟ್‌ಗಳು) ಒಂದು ಟೆಂಪ್ಲೇಟ್ ಡೇಟಾಬೇಸ್ ಮೇಲೆ ಒಮ್ಮೆ ಓಡಿಸಿ, ಪ್ರತಿ ವರ್ಕರಿಗೂ ಅದರ ನಕಲು ಮಾಡಿಕೊಡಿ. ನಕಲು ಮಾಡುವಾಗ ಟೆಂಪ್ಲೇಟಿಗೆ ಬೇರಾವ ಸಂಪರ್ಕವೂ ತೆರೆದಿರಬಾರದು, ಇದ್ದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಅತಿ ಹೆಚ್ಚು ಕಾಡುವುದು ನಿಲ್ಲಿಸುವ ಕೆಲಸ. ಎನ್‌ಪಿಎಂ ಮೂಲಕ ಎಬ್ಬಿಸಿದರೆ ಎನ್‌ಪಿಎಂ, ಅದರಡಿ ಶೆಲ್, ಅದರಡಿ ನೋಡ್ ಹುಟ್ಟುತ್ತದೆ. ಮೇಲಿನದನ್ನು ಕೊಂದರೆ ಕೆಳಗಿನ ನೋಡ್ ಪೋರ್ಟ್ ಹಿಡಿದುಕೊಂಡೇ ಉಳಿಯಬಹುದು. ಸಾಧ್ಯವಾದರೆ ನೋಡನ್ನೇ ನೇರವಾಗಿ ಓಡಿಸಿ. ಇಲ್ಲವಾದರೆ ಡಿಟ್ಯಾಚ್ಡ್ ಆಯ್ಕೆಯಿಂದ ಹೊಸ ಪ್ರೋಸೆಸ್ ಗುಂಪು ಮಾಡಿ, ಪಿಐಡಿಗೆ (ಪ್ರೋಸೆಸ್ ಸಂಖ್ಯೆಗೆ) ಮೈನಸ್ ಚಿಹ್ನೆ ಹಚ್ಚಿ, ನಿಲ್ಲು ಎಂದು ಕೇಳುವ ಸಿಗ್ನಲ್ ಆಗಿ ಇಡೀ ಗುಂಪಿಗೆ ಸಿಗ್‌ಟರ್ಮ್ ಕಳಿಸಿ. 10 ಸೆಕೆಂಡ್ ಕಾದು, ಆಮೇಲೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್. ಹೀಗೆ ಬೇರ್ಪಡಿಸಿದ ಗುಂಪಿಗೆ ಟರ್ಮಿನಲ್‌ನ ಕಂಟ್ರೋಲ್-ಸಿ ತಲುಪುವುದಿಲ್ಲ. ಆ ಸಿಗ್ನಲನ್ನು ಹಿಡಿದು ದಾಟಿಸುವುದೂ ರನ್ನರಿನ ಕೆಲಸವೇ.

ಲಾಗ್ ಬಗ್ಗೆ ಒಂದು ಮಾತು. ಮೊದಲ ಹತ್ತಾರು ಟೆಸ್ಟ್ ಪಾಸಾಗಿ ಸರ್ವರ್ ಇದ್ದಕ್ಕಿದ್ದಂತೆ ಮಂಕಾಗಿ ನಿಂತರೆ ಔಟ್‌ಪುಟ್ ಪೈಪನ್ನು (ಸರ್ವರ್ ಮುದ್ರಿಸಿದ್ದನ್ನು ರನ್ನರಿಗೆ ಒಯ್ಯುವ ದಾರಿ) ಅನುಮಾನಿಸಿ. ಲಿನಕ್ಸಿನಲ್ಲಿ ಪೈಪಿನ ಸಾಮರ್ಥ್ಯ ಸಾಮಾನ್ಯವಾಗಿ 64 ಕೆಬಿ. ರನ್ನರ್ ಓದದೆ ಬಿಟ್ಟರೆ ಅದು ತುಂಬುತ್ತದೆ, ಪೈಪಿಗೆ ಬರೆಯುವ ನೋಡ್ ಅಲ್ಲಿಯೇ ತಡೆದು ನಿಲ್ಲುತ್ತದೆ. ವರ್ಕರಿಗೊಂದು ಫೈಲ್‌ನಂತೆ ಲಾಗನ್ನು ನೇರವಾಗಿ ಬರೆಸಿ, ಟೆಸ್ಟ್ ಬಿದ್ದಾಗ ಆ ಫೈಲನ್ನು ಸಿಐಯಲ್ಲಿ ಉಳಿಸಿಕೊಳ್ಳಿ.

ಸಿಐಯ ಕೊನೆಯ ಹಂತವಾಗಿ, ಕೇಳುತ್ತಿರುವ ಪೋರ್ಟ್‌ಗಳನ್ನು ಎಸ್‌ಎಸ್ ಆದೇಶದಿಂದ ಪಟ್ಟಿ ಮಾಡಿ. ನಿಮ್ಮ ಆ್ಯಪಿನ ಪ್ರೋಸೆಸ್ ಇನ್ನೂ ಕಂಡರೆ, ಟೆಸ್ಟೆಲ್ಲ ಪಾಸಾಗಿದ್ದರೂ ಆ ಬಿಲ್ಡನ್ನು ಫೇಲ್ ಮಾಡಿ.