ಊರು ಸಿರುಗುಪ್ಪ, ಎಂಪಿ ಕೊಪ್ಪಳದವರು: ಓಟರ್ ಲಿಸ್ಟಿಗೆ ಹೆಸರು ಸೇರಿಸುವುದು ಹೇಗೆ?

ಸಿರುಗುಪ್ಪದವರಿಗೆ ಡಿಸಿ ಆಫೀಸು ಬಳ್ಳಾರಿಯಲ್ಲಿ. ಆದರೆ ಲೋಕಸಭೆ ಚುನಾವಣೆಯಲ್ಲಿ ಅವರ ಓಟು ಕೊಪ್ಪಳ ಕ್ಷೇತ್ರಕ್ಕೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿಯವರದ್ದೂ ಇದೇ ಕಥೆ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸಪೇಟೆಯವರು ಮಾತ್ರ ಈಗಲೂ ಬಳ್ಳಾರಿ ಎಂಪಿಯನ್ನೇ ಆರಿಸುತ್ತಾರೆ. ಜಿಲ್ಲೆಯ ಗಡಿ ಸರ್ಕಾರದ್ದು. ಕ್ಷೇತ್ರದ ಗಡಿ ಗುರುತಿಸುವುದು ಮರುವಿಂಗಡಣಾ ಆಯೋಗ. ಈಗಿನ ಗಡಿಗಳು 2001ರ ಜನಗಣತಿ ನೋಡಿ ಹಾಕಿದವು, 2008ರಲ್ಲಿ ಜಾರಿಗೆ ಬಂದವು. ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದೊಂದಕ್ಕೂ ಎಂಟು ವಿಧಾನಸಭಾ ಕ್ಷೇತ್ರ.

ಓಟು ಯಾವ ಕ್ಷೇತ್ರಕ್ಕೇ ಇರಲಿ, ಮೊದಲು ಮತದಾರರ ಪಟ್ಟಿ ನೋಡಿ. ಕಾರ್ಡ್ ಜೇಬಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಹಾಕಿದರೆ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರುತ್ತವೆ. ಅವನ್ನು ಬರೆದಿಟ್ಟುಕೊಳ್ಳಿ. ಅಪ್ಪನ ಅಥವಾ ಗಂಡನ ಹೆಸರು, ವಯಸ್ಸು ಸರಿ ಇದೆಯಾ ಅಂತಲೂ ನೋಡಿ.

ಹೆಸರೇ ಇಲ್ಲವಾ? ಹಾಗಾದರೆ ಫಾರ್ಮ್ 6. ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಸಾಕು. ಆನ್‌ಲೈನ್ ಕಿರಿಕಿರಿ ಎನಿಸಿದರೆ ನಿಮ್ಮ ಮತಗಟ್ಟೆಯ ಬಿಎಲ್ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಕೊಡಿ. ಹಳ್ಳಿಗಳಲ್ಲಿ ಹೆಚ್ಚಾಗಿ ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಈ ಕೆಲಸದಲ್ಲಿರುತ್ತಾರೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬಿದವರು ಸೇರಬಹುದು. 17 ತುಂಬಿದ ಕೂಡಲೇ ಮುಂಗಡವಾಗಿ ಅರ್ಜಿ ಹಾಕಬಹುದು. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವವರೇ ಜಾಸ್ತಿ. ನಾಮಪತ್ರದ ಕೊನೇ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ.

ನಮ್ಮ ಭಾಗದ ದೊಡ್ಡ ತಲೆನೋವು ಗುಳೆ. ನಾಲ್ಕಾರು ತಿಂಗಳು ಬೆಂಗಳೂರಿಗೆ ದುಡಿಯಲು ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ‘ಇವರು ಊರು ಬಿಟ್ಟಿದ್ದಾರೆ’ ಎಂದು ಯಾರಾದರೂ ಫಾರ್ಮ್ 7 ಕೊಟ್ಟರೆ ಹೆಸರು ತೆಗೆಯುವ ಪ್ರಕ್ರಿಯೆ ಶುರು. ಆದರೆ ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ಯಾರೂ ಊರಿನ ವಾಸಿಯಲ್ಲ ಎನಿಸುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮೇ ಇದನ್ನು ಹೇಳುತ್ತದೆ. ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಉತ್ತರ ಕೊಡಿ. ಹೋಗುವ ಮುಂಚೆ ಬಿಎಲ್ಒಗೆ ಮೊಬೈಲ್ ನಂಬರ್ ಕೊಟ್ಟು ಹೋಗುವುದು ಜಾಣತನ.

ಸಂಸಾರ ಸಮೇತ ಬೇರೆ ಊರಿಗೆ ಹೋಗಿ ನೆಲೆಸಿದ್ದೀರಾ? ಆಗ ಫಾರ್ಮ್ 8 ಕೊಟ್ಟು ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಿ. ಕಾರ್ಡಿನಲ್ಲಿನ ತಪ್ಪು ತಿದ್ದಲೂ ಇದೇ ಫಾರ್ಮ್. ‘ಅಲ್ಲೂ ಇರಲಿ, ಇಲ್ಲೂ ಇರಲಿ’ ಎಂದು ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಅದಕ್ಕಾಗಿ ಅರ್ಜಿಯಲ್ಲಿ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಏನೇ ಅನುಮಾನವಿದ್ದರೂ 1950ಕ್ಕೆ ಫೋನ್ ಮಾಡಿ ಕೇಳಬಹುದು.