ಇನ್ನೊಮ್ಮೆ ಓದಿಸುವುದು ಹೇಗೆ: ಆರರಿಂದ ಎಂಟನೇ ತರಗತಿಯ ಓದಿಗೆ ಕಂಪ್ಯೂಟರ್ ಚಟುವಟಿಕೆಗಳು

ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆ ಆಧಾರಿತ ‘ನಲಿ-ಕಲಿ’ಯ ಮೂರು ವರ್ಷ ಮುಗಿಸಿ, ನಾಲ್ಕು ಐದನ್ನೂ ದಾಟಿ ಆರನೇ ತರಗತಿಗೆ ಬರುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅಕ್ಷರ ಗೊತ್ತಿರುತ್ತದೆ. ಆದರೆ ಓದು ಇನ್ನೂ ಕೈಗೆ ಹತ್ತಿರುವುದಿಲ್ಲ. ತಡವರಿಸುತ್ತ ಪುಟದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಸಾಲು ಮರೆತುಹೋಗಿರುತ್ತದೆ, ‘ಇನ್ನೊಮ್ಮೆ ಓದು’ ಎಂದರೆ ಮುಖ ಬಾಡುತ್ತದೆ. ಇಂಥವರಿಗೆ ಬೇಕಾಗಿರುವುದು ಅದೇ ಪಠ್ಯದ ಎರಡನೆಯ, ಮೂರನೆಯ ಓದು. ಅವರು ಒಲ್ಲೆನ್ನುವುದೂ ಅದನ್ನೇ. ಮೂಡಿಗೆರೆ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ ನಾನು ಕಂಡುಕೊಂಡಂತೆ, ಕಂಪ್ಯೂಟರ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ: ಮತ್ತೆ ಓದಲು ಮಗುವಿಗೆ ತನ್ನದೇ ಆದ ಒಂದು ಕಾರಣವನ್ನು ಒದಗಿಸುವಲ್ಲಿ. ಪಾಠದ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿದ ಮಾತ್ರಕ್ಕೆ ಆ ಕಾರಣ ಹುಟ್ಟುವುದಿಲ್ಲ.

ಸಿದ್ಧತೆಯ ಬಗ್ಗೆ ಎರಡು ಮಾತು ಸಾಕು. ಎಲ್ಲ ಕಡತಗಳನ್ನೂ ಯೂನಿಕೋಡ್‌ನಲ್ಲಿಯೇ (ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತದಲ್ಲಿ) ಟೈಪ್ ಮಾಡಬೇಕು. ನಾನು ಒಂದಿಡೀ ಬೇಸಿಗೆ ರಜೆಯಲ್ಲಿ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ್ದ ಪಾಠಗಳು ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ತೆರೆದುಕೊಂಡವು. ಜೊತೆಗೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನೂ ನೆಟ್ಟನ್ನೂ ನಂಬುವಂತಿಲ್ಲವಾದ್ದರಿಂದ, ಬೇಕಾದುದನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರ ಮುದ್ರಿತ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.

ಮೊದಲ ವಾರ ಮಗು ಎಲ್ಲಿದೆ ಎಂಬುದನ್ನು ತಿಳಿಯಲು ಮೀಸಲಿರಲಿ. ಹಿಂದಿನ ತರಗತಿಯ ಪಠ್ಯದಿಂದ ಸುಮಾರು 150 ಪದಗಳ ಭಾಗವೊಂದನ್ನು ಆರಿಸಿ, ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿಯೋ ಮೊಬೈಲಿನಲ್ಲಿಯೋ ಧ್ವನಿಮುದ್ರಿಸಿಕೊಳ್ಳಿ. ಸರಿಯಾಗಿ ಓದಿದ ಪದಗಳೆಷ್ಟು ಎಂಬ ಲೆಕ್ಕಕ್ಕಿಂತ ತಪ್ಪುಗಳ ಬಗೆ ಮುಖ್ಯ: ಒತ್ತಕ್ಷರದಲ್ಲಿ ನಿಲ್ಲುತ್ತಾರೋ, ಪದದ ಮೊದಲರ್ಧ ನೋಡಿ ಉಳಿದದ್ದನ್ನು ಊಹಿಸುತ್ತಾರೋ, ಅಥವಾ ಎಲ್ಲವನ್ನೂ ಸರಿಯಾಗಿ ಓದಿಯೂ ಕೇಳಿದರೆ ಏನೂ ಹೇಳಲಾರರೋ? ಮೂವರಿಗೂ ಬೇಕಾದ ಚಟುವಟಿಕೆ ಬೇರೆ ಬೇರೆ. ಈ ಸಂಖ್ಯೆಗಳನ್ನು ಗೋಡೆಗೆ ಅಂಟಿಸಬೇಡಿ. ಒಂದು ವರ್ಷ ಉತ್ಸಾಹದಿಂದ ನಾನು ಹಾಗೆ ಮಾಡಿದೆ. ಪಟ್ಟಿಯ ತಳದಲ್ಲಿದ್ದ ಮೂವರು ಕಂಪ್ಯೂಟರ್ ಅವಧಿ ಇರುವ ದಿನವೇ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯತೊಡಗಿದರು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಧ್ವನಿಮುದ್ರಣವೇ. ದೊಡ್ಡ ಮಕ್ಕಳಿಗೆ ‘ಒಂದು, ಎರಡನೇ ತರಗತಿಯವರು ಕೇಳಲಿಕ್ಕೆ ಒಂದು ಕತೆ ಓದಿಕೊಡಿ’ ಎಂದು ಹೇಳಿ. ಇದರಲ್ಲಿ ಒಂದು ಗುಟ್ಟಿದೆ: ಏಳನೆಯ ತರಗತಿಯ ಹುಡುಗನೊಬ್ಬ ಚಿಕ್ಕ ಮಕ್ಕಳ ಕತೆಪುಸ್ತಕವನ್ನು ತನಗಾಗಿ ಓದಲು ನಾಚುತ್ತಾನೆ, ತಂಗಿಗಾಗಿ ಓದಲು ನಾಚುವುದಿಲ್ಲ. ಮಕ್ಕಳ ಪುಸ್ತಕಗಳ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಓದಿನ ಹಂತಗಳಲ್ಲಿ ಕನ್ನಡ ಕತೆಗಳಿವೆ, ಮುಕ್ತ ಪರವಾನಗಿಯಿರುವುದರಿಂದ ಇಳಿಸಿಕೊಂಡು ಬಳಸಲು ಅಡ್ಡಿಯಿಲ್ಲ. ಎಂಟು ಹತ್ತು ಕತೆಗಳನ್ನು ನೀವು ಇಳಿಸಿಡಿ, ಅವುಗಳಲ್ಲಿ ಯಾವುದೆಂಬ ಆಯ್ಕೆ ಮಗುವಿನದಾಗಿರಲಿ. ಆರಿಸಿಕೊಂಡದ್ದನ್ನು ಮಗು ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ.

ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ಹೀಗೆ ಓದುತ್ತಿದ್ದಾಗ ‘ಸೂರ್ಯ’ ಎಂಬಲ್ಲಿ ಪ್ರತಿ ಸಲವೂ ‘ಸೂಯರ’ ಎನ್ನುತ್ತಿದ್ದ. ನಾನು ತಿದ್ದಲಿಲ್ಲ, ಹೆಡ್‌ಫೋನ್ ಹಾಕಿ ಅವನ ಓದನ್ನೇ ಅವನಿಗೆ ಕೇಳಿಸಿದೆ. ಕೇಳಿಸಿಕೊಂಡವನೇ ನಕ್ಕು, ‘ಸಾರ್, ಇದನ್ನ ಅಳಿಸಿಬಿಡಿ’ ಎಂದು ಮತ್ತೆ ಓದಿದ. ಆ ಒಂದು ಪುಟವನ್ನು ಅಂದು ಅವನು ಆರು ಸಲ ಓದಿದ. ಓದು ಎಂದು ನಾನು ಹೇಳಿದ್ದು ಮೊದಲ ಸಲ ಮಾತ್ರ.

ಆ ತಪ್ಪಿಗೆ ನಮ್ಮ ಲಿಪಿಯಲ್ಲಿಯೇ ಕಾರಣವಿದೆ. ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಕಣ್ಣು ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡುವಾಗ ಬೆರಳು ಒತ್ತುವುದು ಉಚ್ಚಾರದ ಕ್ರಮದಲ್ಲಿಯೇ: ಮೊದಲು ರ, ನಂತರ ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಕೊನೆಗೆ ಯ. ‘ಸೂರ್ಯ’, ‘ಕಾರ್ಯ’, ‘ವರ್ಷ’, ‘ಮಾರ್ಗ’ ಇವುಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ಒಂದೊಂದಾಗಿ ಟೈಪ್ ಮಾಡಿಸಿದರೆ, ರಕಾರ ತೆರೆಯ ಮೇಲೆ ಮೊದಲು ಮೂಡಿ, ಮುಂದಿನ ಅಕ್ಷರ ಬಂದೊಡನೆ ಅದರ ಬಲಕ್ಕೆ ಹಾರಿ ಕೂರುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಕಪ್ಪುಹಲಗೆಯ ಮೇಲೆ ಇದನ್ನು ನಾನು ಎಷ್ಟೋ ವರ್ಷ ವಿವರಿಸಿದ್ದೆ. ತೆರೆ ತೋರಿಸಿದಷ್ಟು ಸ್ಪಷ್ಟವಾಗಿ ತೋರಿಸಲು ನನ್ನಿಂದ ಆಗಿರಲಿಲ್ಲ. (ಕನ್ನಡ ತಂತ್ರಾಂಶ ಬೇಕೆಂದು ದನಿಯೆತ್ತಿದವರಲ್ಲಿ ಒಬ್ಬರಾದ ಪೂರ್ಣಚಂದ್ರ ತೇಜಸ್ವಿಯವರು ಇದೇ ಮೂಡಿಗೆರೆಯವರು ಎಂಬುದನ್ನು ಮಕ್ಕಳಿಗೆ ಹೇಳಲು ನಾನು ಮರೆಯುವುದಿಲ್ಲ.)

ಸರಾಗವಾಗಿ ಓದಿಯೂ ಅರ್ಥ ಹಿಡಿಯದವರಿಗೆ ಪಠ್ಯವನ್ನು ಕೆಡವಿ ಕೊಡಬೇಕು. ಕಾಫಿಯ ಬಗ್ಗೆ ಏಳೆಂಟು ವಾಕ್ಯವೃಂದಗಳನ್ನು ನೀವೇ ಬರೆಯಿರಿ: ಹೂವರಳಿಸುವ ಮಳೆ ಬೀಳುವುದು, ತೋಟ ಬೆಳ್ಳಗೆ ಅರಳುವುದು, ಕಾಯಿ ಕಟ್ಟುವುದು, ಹಣ್ಣು ಕೊಯ್ಯುವುದು, ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುವುದು, ತೊಳೆಯುವುದು, ಕಣದಲ್ಲಿ ಒಣಗಿಸುವುದು. ಅವುಗಳ ಕ್ರಮ ಕಲಸಿ ವರ್ಡ್ ಕಡತದಲ್ಲಿ ಕೊಟ್ಟರೆ, ಇಬ್ಬಿಬ್ಬರು ಕುಳಿತು ಕತ್ತರಿಸಿ ಅಂಟಿಸುತ್ತ ಸರಿಯಾದ ಕ್ರಮಕ್ಕೆ ತರುತ್ತಾರೆ. ನಮ್ಮ ಮಕ್ಕಳಿಗೆ ಕೆಲಸದ ಕ್ರಮ ಮನೆಯಲ್ಲಿಯೇ ಗೊತ್ತಿರುತ್ತದೆ. ಆದ್ದರಿಂದ ಅವರು ಗಮನಿಸಬೇಕಾದದ್ದು ‘ಹೀಗೆ ಒಣಗಿದ ಬೀಜವನ್ನು’, ‘ಅದಕ್ಕೂ ಮೊದಲು’ ಎಂಬಂಥ ಕೊಂಡಿಮಾತುಗಳನ್ನು. ‘ಹೀಗೆ’ ಎಂದರೆ ಹೇಗೆ ಎಂದು ಇಬ್ಬರು ಜಗಳವಾಡತೊಡಗಿದರೆ ಚಟುವಟಿಕೆ ಗೆದ್ದಂತೆ.

ಪದ ಬಿಟ್ಟ ಪಠ್ಯವೂ ಹೀಗೆಯೇ ಉಪಯುಕ್ತ. ವಿಲ್ಸನ್ ಟೇಲರ್ 1953ರಲ್ಲಿ ಇಂಗ್ಲಿಷಿಗೆ ಈ ವಿಧಾನವನ್ನು ರೂಪಿಸಿದಾಗ ಇಷ್ಟಿಷ್ಟು ಪದಕ್ಕೊಂದನ್ನು ಯಾಂತ್ರಿಕವಾಗಿ ತೆಗೆಯುವುದು ರೂಢಿಯಾಯಿತು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಂಡಿರುವುದರಿಂದ ಐದಕ್ಕೊಂದು ಪದ ತೆಗೆದರೆ ಪಠ್ಯ ತೀರಾ ತೂತಾಗುತ್ತದೆ. ಎಂಟು ಹತ್ತಕ್ಕೊಂದು ಸಾಕು. ಕೆಲವೆಡೆ ಇಡೀ ಪದದ ಬದಲು ಕ್ರಿಯಾಪದದ ಕೊನೆಯನ್ನಷ್ಟೇ ಅಳಿಸಿ ನೋಡಿ. ಬಂದವರು ಅಜ್ಜಿಯೋ ಅಜ್ಜನೋ ಎಂದು ತಿಳಿಯಲು ಮಗು ವಾಕ್ಯದ ಮೊದಲಿಗೆ ಮರಳಲೇಬೇಕು.

ಹುಡುಕಾಟದ ಪ್ರಶ್ನೆಗಳಿಗೆ ಕನ್ನಡ ವಿಕಿಪೀಡಿಯದ ಪುಟಗಳನ್ನು ಉಳಿಸಿಕೊಳ್ಳಬಹುದು. ನೆರೆಯ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಹೊಯ್ಸಳರ ದೇಗುಲಗಳು ನಮಗೆ ಒದಗಿಬಂದ ವಿಷಯಗಳು. ಪ್ರಶ್ನೆಯನ್ನು ಮಾತ್ರ ಪುಟದಲ್ಲಿರುವ ಪದಗಳಲ್ಲಿಯೇ ಕೇಳಬಾರದು; ಕೇಳಿದರೆ ಮಕ್ಕಳು ಕಂಟ್ರೋಲ್ ಎಫ್ ಒತ್ತಿ ಉತ್ತರ ಎತ್ತಿಕೊಳ್ಳುತ್ತಾರೆ, ಓದುವುದಿಲ್ಲ. ‘ಶಾಸನದಲ್ಲಿ ಎಷ್ಟು ಸಾಲುಗಳಿವೆ’ ಎಂಬುದಕ್ಕೆ 16 ಎಂದು ಹುಡುಕಿ ಹೇಳಬಹುದು. ‘2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಒಟ್ಟಾಗಿ ಸೇರಿದ ಮೂರು ಊರುಗಳ ದೇಗುಲಗಳಲ್ಲಿ ನಮಗೆ ಅತಿ ದೂರದ್ದು ಯಾವುದು’ ಎಂದು ಕೇಳಿದರೆ ಬೇಲೂರು, ಹಳೇಬೀಡು, ಸೋಮನಾಥಪುರ ಮೂರರ ಬಗ್ಗೆಯೂ ಓದಿ, ನಕ್ಷೆಯನ್ನೂ ನೋಡಬೇಕಾಗುತ್ತದೆ.

ಎಂಟನೇ ತರಗತಿಯವರಿಗೆ ಕವಲು ಕತೆ ಬರೆಯಲು ಕೊಡಿ. ಸ್ಲೈಡುಗಳನ್ನು ತಯಾರಿಸುವ ತಂತ್ರಾಂಶವಾದ ಲಿಬ್ರೆಆಫೀಸ್ ಇಂಪ್ರೆಸ್‌ನ ಒಂದು ಸ್ಲೈಡಿನಲ್ಲಿ ‘ಶಾಲೆ ಬಿಟ್ಟು ಬರುವಾಗ ದಾರಿಯಲ್ಲಿ ಆನೆ ನಿಂತಿದೆ’ ಎಂದು ಬರೆದು, ಕೆಳಗೆ ‘ಹಿಂದಿರುಗುತ್ತೇನೆ’, ‘ತೋಟದೊಳಗಿನ ದಾರಿ ಹಿಡಿಯುತ್ತೇನೆ’ ಎಂಬ ಎರಡು ಗುಂಡಿಗಳಿಗೆ ಬೇರೆ ಬೇರೆ ಸ್ಲೈಡಿನ ಕೊಂಡಿ ಕೊಟ್ಟರಾಯಿತು. ಹಿನ್ನೆಲೆಯನ್ನು ಕ್ಲಿಕ್ಕಿಸಿದರೂ ಸ್ಲೈಡ್ ಮುಂದಕ್ಕೆ ಹೋಗುವ ಆಯ್ಕೆಯನ್ನು ತೆಗೆಯಲು ಮರೆತರೆ ಕತೆ ಅಡ್ಡಾದಿಡ್ಡಿ ಹಾರುತ್ತದೆ. ಬರೆದವರು ಕೊಂಡಿ ಸರಿಯಿದೆಯೇ ಎಂದು ಪ್ರತಿ ಕವಲನ್ನೂ ಓದಿ ನೋಡಬೇಕು. ಓದುವವರು ತಾವು ಬಿಟ್ಟುಬಂದ ಕವಲಿನಲ್ಲಿ ಏನಿತ್ತೆಂಬ ಕುತೂಹಲ ತಡೆಯದೆ ಮೊದಲಿಗೆ ಮರಳುತ್ತಾರೆ. ಇಂಥ ಕತೆಗೆ ಹನ್ನೆರಡು ಸ್ಲೈಡುಗಳ ಮಿತಿ ಹಾಕಿ, ಇಲ್ಲದಿದ್ದರೆ ಮುಗಿಯುವುದೇ ಇಲ್ಲ.

ಅಂಕ, ಚಪ್ಪಾಳೆ, ಪಟಾಕಿ ಸದ್ದುಗಳಿರುವ ರಸಪ್ರಶ್ನೆ ಆಟಗಳನ್ನು ನಾನು ಈಗ ಬಳಸುವುದಿಲ್ಲ. ಪ್ರಶ್ನೆ ಓದದೆಯೇ ನಾಲ್ಕೂ ಆಯ್ಕೆಗಳನ್ನು ಸರಸರನೆ ಒತ್ತಿ ಚಪ್ಪಾಳೆ ಕೇಳುವುದನ್ನು ಮಕ್ಕಳು ಒಂದೇ ಅವಧಿಯಲ್ಲಿ ಕಲಿತುಬಿಡುತ್ತಾರೆ.

ವಾರಕ್ಕೆ ಎರಡು ಅವಧಿ, ಒಂದು ಕಂಪ್ಯೂಟರಿಗೆ ಇಬ್ಬರು ಅಥವಾ ಮೂವರು. ಉಳಿದವರು ಅದೇ ಕತೆಯ ಮುದ್ರಿತ ಪ್ರತಿಯಲ್ಲಿ ತಮ್ಮ ಸರದಿಗೆ ತಯಾರಾಗುತ್ತಿರಲಿ. ಮಕ್ಕಳ ಧ್ವನಿಯನ್ನು ಶಾಲೆಯ ಕಂಪ್ಯೂಟರಿನಿಂದ ಆಚೆಗೆ, ವಾಟ್ಸಾಪ್ ಗುಂಪುಗಳಿಗೂ, ಕಳಿಸಬೇಡಿ. ಮೂರು ತಿಂಗಳಾದ ಮೇಲೆ ಮೊದಲ ವಾರದ ಅದೇ 150 ಪದಗಳನ್ನು ಮತ್ತೆ ಓದಿಸಿ ಧ್ವನಿಮುದ್ರಿಸಿ, ಹಳೆಯದನ್ನೂ ಹೊಸದನ್ನೂ ಒಂದರ ಬೆನ್ನಿಗೊಂದು ಆ ಮಗುವಿಗೆ ಮಾತ್ರ ಹೆಡ್‌ಫೋನಿನಲ್ಲಿ ಕೇಳಿಸಿ.